ಪ್ರವಾಸದಲ್ಲಿ ಕಲ್ಲು ಆಯುವ ಹವ್ಯಾಸ: ಚೀಲದಲ್ಲಿ ಏನಿರಬೇಕು, ಎಷ್ಟು ತರಬೇಕು, ತಂದಮೇಲೆ ಏನು ಮಾಡಬೇಕು?

ಹೊಳೆದಂಡೆ

ಊರೂರು ಸುತ್ತುವಾಗ ಹೊಳೆ, ಕಡಲತೀರ, ಗುಡ್ಡದ ದಾರಿಗಳಲ್ಲಿ ಒಂದೆರಡು ಕಲ್ಲು ಆಯ್ದುಕೊಳ್ಳುವವರಿಗಾಗಿ ಈ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು. ಭೂವಿಜ್ಞಾನ ಓದಿದವರ ಸಲಕರಣೆಗಳೆಲ್ಲ ಬೇಡ. ಬೆನ್ನಚೀಲದ ಒಂದು ಮೂಲೆಯಲ್ಲಿ ಹಿಡಿಸಬೇಕು, ಅಷ್ಟೇ. ತಿಳಿದವರಿಂದ ಮೂರು ವಿಷಯಕ್ಕೆ ಉತ್ತರ ಬೇಕು. ಜೊತೆಗೆ ಏನೇನು ಒಯ್ಯಬೇಕು? ಎಷ್ಟು ದೊಡ್ಡ ಕಲ್ಲು ಸಾಕು? ನೀರಿನಲ್ಲಿ ಮಿರಮಿರ ಮಿಂಚುವ ಕಲ್ಲು ಮನೆಯಲ್ಲಿ ಒಣಗಿದ ಕೂಡಲೇ ಮಂಕಾಗುತ್ತದಲ್ಲ, ಅದಕ್ಕೇನು ದಾರಿ?

ಬೆಣಚುಕಲ್ಲು

ಮೊದಲೆರಡಕ್ಕೆ ನಾನು ಹೇಳುತ್ತೇನೆ.

ಚೀಲದಲ್ಲಿ ಇಷ್ಟಿದ್ದರೆ ಸಾಕು: 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್, ಒಂದು ಉಕ್ಕಿನ ಮೊಳೆ, ಪುಟ್ಟ ಅಯಸ್ಕಾಂತ, ಹೊಳಪಿಲ್ಲದ ಬಿಳಿ ಟೈಲ್‌ನ ಚೂರು (ಮಾಮೂಲಿ ಟೈಲ್‌ನ ಹಿಂಬದಿ ಬಿಳಿಯಾಗಿದ್ದರೆ ಅದೇ ಆದೀತು), ಪೆನ್ಸಿಲ್, ಸಣ್ಣ ನೋಟ್‌ಪುಸ್ತಕ, ಹತ್ತಾರು ಜಿಪ್ ಕವರ್, ಹಳೆ ಪತ್ರಿಕೆಯ ಹಾಳೆಗಳು, ಒಂದು ಮಾರು ದಾರ. ಪೆನ್ ಬೇಡ. ಒದ್ದೆ ಕಾಗದದ ಮೇಲೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಬರಹ ನಿಲ್ಲುತ್ತದೆ.

ಗಾತ್ರದ ವಿಷಯದಲ್ಲಿ ಎಲ್ಲರೂ ಲೆಕ್ಕ ತಪ್ಪುತ್ತಾರೆ. ಸಾಮಾನ್ಯ ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ತೂಗುತ್ತದೆ. 7 ಸೆಂ.ಮೀ. ಅಡ್ಡಳತೆಯ ಒಂದು ಉರುಟು ಕಲ್ಲು ಅರ್ಧ ಕಿಲೋಗೆ ಹತ್ತಿರ ಬರುತ್ತದೆ. ಅಡ್ಡಳತೆ ಅರ್ಧಕ್ಕಿಳಿದರೆ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 60 ಗ್ರಾಂ. ಮೂರೂವರೆ ಸೆಂ.ಮೀ. ಕಲ್ಲಿನಲ್ಲೂ ಹರಳು, ಪದರ, ಬಣ್ಣ ಎಲ್ಲ ಕಾಣುತ್ತದೆ. ಬಹಳ ದಪ್ಪ ಹರಳಿರುವ ಗ್ರಾನೈಟ್ ಅಥವಾ ಅಗಲ ಪಟ್ಟೆಯ, ನೈಸ್ ಎಂಬ ಶಿಲೆ ಮಾತ್ರ ಇದಕ್ಕೆ ಹೊರತು. ಅವುಗಳ ವಿನ್ಯಾಸ ಕಾಣಲು ಅಂಗೈ ಅಗಲದ ತುಂಡೇ ಬೇಕು. ಅಂಥ ಕಡೆ ಕಲ್ಲನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿ ನಾಣ್ಯವನ್ನೋ ಪೆನ್ಸಿಲನ್ನೋ ಇಟ್ಟು ಫೋಟೋ ತೆಗೆದುಕೊಳ್ಳುವುದು ಮೇಲು.

ಪದರಶಿಲೆ

ಬೆಣಚುಕಲ್ಲು ಅವರ ಪಟ್ಟಿ ಚೆನ್ನಾಗಿದೆ. ಆದರೆ ನೋಟ್‌ಪುಸ್ತಕವನ್ನು ಪಟ್ಟಿಯ ಮಧ್ಯದಲ್ಲೆಲ್ಲೋ ತೂರಿಸಿಬಿಟ್ಟಿದ್ದಾರೆ. ಅದು ಎಲ್ಲಕ್ಕಿಂತ ಮೇಲಿರಬೇಕಾದ ವಸ್ತು. ಕಲ್ಲು ಯಾವ ಜಾತಿಯದೆಂದು ಹತ್ತು ವರ್ಷ ಬಿಟ್ಟು ಬೇಕಾದರೂ ಗುರುತಿಸಬಹುದು, ಎಲ್ಲಿ ಸಿಕ್ಕಿತೆಂದು ಸಂಜೆಯ ಹೊತ್ತಿಗೇ ಮರೆತುಹೋಗಬಹುದು. ಜಾಗ ಗೊತ್ತಿಲ್ಲದ ಕಲ್ಲು ಅಲಂಕಾರಕ್ಕೆ ಸರಿ, ಸಂಗ್ರಹಕ್ಕಲ್ಲ.

ಕ್ರಮ ಹೀಗಿರಲಿ. ಕಲ್ಲು ಕೈಗೆತ್ತಿಕೊಂಡ ಜಾಗದಲ್ಲೇ, ಇನ್ನೊಂದು ಕಲ್ಲಿಗೆ ಬಗ್ಗುವ ಮೊದಲೇ ಅದಕ್ಕೊಂದು ಸಂಖ್ಯೆ ಕೊಡಿ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆ ಕವರ್‌ನೊಳಗೆ ಹಾಕಿ. ಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರು ಐದು ಸಂಗತಿ ಬರೆಯಿರಿ:

1. ದಿನಾಂಕ.
2. ಮೊಬೈಲಿನ ಜಿಪಿಎಸ್ ತೋರಿಸುವ ಅಕ್ಷಾಂಶ, ರೇಖಾಂಶ. ದಶಮಾಂಶದ ನಂತರ 5 ಅಂಕಿ ಬರೆದರೆ ಒಂದು ಮೀಟರ್ ಆಸುಪಾಸಿನ ನಿಖರತೆ. 2 ಅಂಕಿಗೆ ನಿಲ್ಲಿಸಿದರೆ ಒಂದು ಕಿಲೋಮೀಟರ್‌ನಷ್ಟು ಮಸುಕು.
3. ಜಾಗದ ಹೆಸರು, ಮಾತಿನಲ್ಲಿ. ಅಂಕಿ ಬರೆಯುವಾಗ ತಪ್ಪಾದರೆ ಇದೇ ಕಾಪಾಡುವುದು.
4. ಕಲ್ಲು ಬಂಡೆಯಿಂದಲೇ ಕಳಚಿದ್ದೋ, ಎಲ್ಲಿಂದಲೋ ಉರುಳಿಯೋ ಹರಿದೋ ಬಂದು ಬಿದ್ದಿದ್ದೋ.
5. ಸುತ್ತಲಿನ ಬಂಡೆ ಹೇಗಿದೆ: ಬಣ್ಣ, ಪದರ, ಬಿರುಕು.

ನಾಲ್ಕನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಹೊಳೆಯಲ್ಲಿ ಸಿಕ್ಕಿದ ಕಲ್ಲು ಆ ಜಾಗದ್ದಲ್ಲ, ಮೇಲ್ಭಾಗದ ಯಾವುದೋ ಬೆಟ್ಟದ್ದು. ಆ ಒಂದು ಮಾತು ಬರೆದಿಲ್ಲವೆಂದರೆ ಮುಂದೆ ನೋಡುವವರು ಹೊಳೆಯ ತಳವೇ ಆ ಕಲ್ಲಿನದು ಎಂದುಕೊಳ್ಳುತ್ತಾರೆ.

ಉರುಟುಗಲ್ಲು

ಎಲ್ಲಿ ಹುಡುಕಬೇಕು ಅನ್ನುವುದನ್ನು ಯಾರೂ ಕೇಳಲಿಲ್ಲ, ಆದರೂ ಬರೆಯುತ್ತೇನೆ.

ಹೊಳೆಯಾದರೆ ನೀರಿಳಿದ ಕಾಲದಲ್ಲಿ, ತಿರುವಿನ ಒಳಬದಿಯ ಕಲ್ಲುಹಾಸಿಗೆ ಹೋಗಿ. ಅಲ್ಲಿ ಹರಿವು ನಿಧಾನವಾಗುವುದರಿಂದ ಹೊತ್ತು ತಂದದ್ದನ್ನು ಹೊಳೆ ಇಳಿಸಿ ಹೋಗಿರುತ್ತದೆ. ಆ ಹಾಸಿನ ಮೇಲ್ತುದಿಯಲ್ಲಿ ದಪ್ಪ ಕಲ್ಲು, ಕೆಳತುದಿಗೆ ಬಂದಂತೆ ಸಣ್ಣವು. ಒಂದು ದೊಡ್ಡ ನೆರೆ ಬಂದು ಹೋದಮೇಲೆ ಹಳೆಯ ಹಾಸಿನಲ್ಲೂ ಹೊಸ ಕಲ್ಲುಗಳು ಮೇಲೆದ್ದಿರುತ್ತವೆ. ಮೂಲೆಗಳು ಇನ್ನೂ ಚೂಪಾಗಿದ್ದರೆ ಕಲ್ಲು ದೂರದಿಂದ ಬಂದದ್ದಲ್ಲ. ಪೂರ್ತಿ ಉರುಟಾಗಿದ್ದರೆ ಬಹಳ ದೂರ ಬಂದಿರಬಹುದು, ಇಲ್ಲವೇ ಮೆದು ಕಲ್ಲಾಗಿದ್ದು ಬೇಗ ಸವೆದಿರಬಹುದು. ಹಾಗಾಗಿ ಉರುಟುತನವನ್ನು ಗಡಸುತನದ ಜೊತೆ ಸೇರಿಸಿಯೇ ಓದಬೇಕು. ಸುಣ್ಣಕಲ್ಲು ಕೆಲವು ಕಿಲೋಮೀಟರ್‌ಗಳಲ್ಲೇ ದುಂಡಾಗುತ್ತದೆ, ಬೆಣಚಿಗೆ (ಕ್ವಾರ್ಟ್ಜ್) ಹಾಗಾಗಲು ಬಲು ದೂರ ಬೇಕು.

ಬೆಳಕೂ ಮುಖ್ಯ. ಅಗೇಟ್, ಕಾರ್ನೀಲಿಯನ್ ಹುಡುಕುವವರು ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಸೂರ್ಯನಿಗೆ ಎದುರಾಗಿ ನಡೆಯಬೇಕು. ಅರೆಪಾರದರ್ಶಕ ಕಲ್ಲಿನೊಳಗೆ ಬೆಳಕು ಹಾಯ್ದು ಅದು ದೂರದಿಂದಲೇ ಉರಿದಂತೆ ಕಾಣುತ್ತದೆ. ಸೂರ್ಯ ಬೆನ್ನಿಗಿದ್ದರೆ ಅದೇ ಕಲ್ಲು ಕಂದು ಜಲ್ಲಿಯ ನಡುವೆ ಕರಗಿಹೋಗುತ್ತದೆ.

ರಸ್ತೆ ಬದಿಯ ಜಲ್ಲಿರಾಶಿಯಿಂದ ಮಾತ್ರ ಆಯಬೇಡಿ. ಅದು ಯಾವ ಕ್ವಾರಿಯಿಂದ ಬಂದಿತೋ ಗೊತ್ತಿರುವುದಿಲ್ಲ. ಪದರಶಿಲೆ ಅವರ ಪಟ್ಟಿಯ ಮೂರನೇ ಸಾಲಿಗೆ ಬರೆಯಲು ಏನೂ ಇರುವುದಿಲ್ಲ.

ಹೊಳೆದಂಡೆ

ತುಂಬಾ ಉಪಯೋಗವಾಯಿತು. ಇನ್ನೊಂದು ಸಂದೇಹ. ಆಯ್ದ ಕಲ್ಲುಗಳಲ್ಲಿ ಅರ್ಧಕ್ಕರ್ಧ ಬಿಳಿಯವೇ ಇರುತ್ತವೆ. ಬೆಣಚೋ, ಕ್ಯಾಲ್ಸೈಟೋ, ಫೆಲ್ಡ್‌ಸ್ಪಾರೋ ಅಲ್ಲೇ ತಿಳಿಯುವುದು ಹೇಗೆ? ಆಮ್ಲ ಒಯ್ಯಬೇಕೇ?

ಹತ್ತುಪಟ್ಟು

ಆಮ್ಲಕ್ಕಿಂತ ಮೊದಲು ಲೆನ್ಸ್. ಅದನ್ನು ಹಿಡಿಯುವ ಕ್ರಮವೇ ಹಲವರಿಗೆ ತಪ್ಪು. ಕಲ್ಲಿನ ಮೇಲೆ ಲೆನ್ಸ್ ಇಟ್ಟು ಒಂದಡಿ ದೂರದಿಂದ ಬಗ್ಗಿ ನೋಡಿದರೆ ಏನೂ ಕಾಣದು. ಲೆನ್ಸನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಲ್ಲನ್ನು ಮೇಲೆ ತನ್ನಿ. ಸುಮಾರು 2.5 ಸೆಂ.ಮೀ.ಗೆ ಬಂದಾಗ ಚಿತ್ರ ಸ್ಪಷ್ಟವಾಗುತ್ತದೆ. ಬೆಳಕು ಕಲ್ಲಿನ ಮೇಲೆ ಬೀಳುವಂತೆ ತಿರುಗಿ ನಿಲ್ಲಿ. ನೋಡಬೇಕಾದ್ದು ಹೊಸದಾಗಿ ಒಡೆದ ಮುಖವನ್ನು. ಹೊರಗಿನ ತೊಗಟೆ ಗಾಳಿ ನೀರಿಗೆ ಹಳಸಿ ಬಣ್ಣ ಬದಲಾಗಿರುತ್ತದೆ.

ಬೆಣಚು ಒಡೆದ ಕಡೆ ಗಾಜಿನಂತೆ ಬಾಗಿದ ಮೇಲ್ಮೈ, ಚಪ್ಪಟೆ ಸೀಳು ಇರುವುದಿಲ್ಲ. ಫೆಲ್ಡ್‌ಸ್ಪಾರ್ ಚಪ್ಪಟೆಯಾಗಿ ಸೀಳುತ್ತದೆ, ಎರಡು ಸೀಳುಮುಖಗಳು ಹತ್ತಿರ ಹತ್ತಿರ ಲಂಬಕೋನದಲ್ಲಿ ಸೇರುತ್ತವೆ. ಕಲ್ಲನ್ನು ಬಿಸಿಲಿಗೆ ತಿರುಗಿಸಿದರೆ ಒಂದು ಮುಖ ಪೂರ್ತಿ ಒಮ್ಮೆಗೇ ಪಳಕ್ಕೆನ್ನುತ್ತದೆ. ಕ್ಯಾಲ್ಸೈಟ್ ಓರೆಯಾದ ಪೆಟ್ಟಿಗೆಯಾಕಾರದಲ್ಲಿ ಒಡೆಯುತ್ತದೆ.

ಆಮೇಲೆ ಗೀರು ಪರೀಕ್ಷೆ. ಮೋಸ್ ಎಂಬ ಖನಿಜವಿಜ್ಞಾನಿ 1812ರಲ್ಲಿ ಮಾಡಿದ, ಗಡಸುತನದ ಹತ್ತು ಮೆಟ್ಟಿಲ ಅಳತೆಯಲ್ಲಿ ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚು 7. ಉಗುರು 2.5ರ ಆಸುಪಾಸು, ಮೊಳೆ 5ರಿಂದ 5.5, ಕಿಟಕಿ ಗಾಜು 5.5. ಮೊಳೆಯಿಂದ ಗೀರು ಬಿದ್ದರೆ ಕ್ಯಾಲ್ಸೈಟ್ ಇರಬಹುದು. ಬೀಳದೆ, ಕಲ್ಲೇ ಗಾಜನ್ನು ಗೀರಿದರೆ ಉಳಿದೆರಡರಲ್ಲಿ ಒಂದು.

ಇಲ್ಲಿ ಮೂರು ಕಡೆ ಮೋಸ ಹೋಗುತ್ತಾರೆ. ಮೊಳೆ ಬೆಣಚಿನ ಮೇಲೆ ತನ್ನದೇ ಲೋಹದ ಬೂದುಗೆರೆ ಬಿಡುತ್ತದೆ, ಅದು ಗೀರಲ್ಲ. ಒದ್ದೆ ಬೆರಳಿನಿಂದ ಒರೆಸಿ ನೋಡಿ, ಗುಳಿ ಉಳಿದಿದ್ದರೆ ಮಾತ್ರ ಗೀರು. ಎರಡನೆಯದು, ಹಳಸಿದ ತೊಗಟೆ ಯಾವ ಕಲ್ಲಿನಲ್ಲೂ ಮೆದುವೇ. ಮೂರನೆಯದು ಮರಳುಗಲ್ಲು. ಅದನ್ನು ಕೆರೆದಾಗ ಕಣಗಳು ಉದುರುತ್ತವೆ. ಉದುರಿದ್ದು ನಡುವಿನ ಅಂಟು ಸಡಿಲವಾಗಿರುವುದರಿಂದ, ಕಣ ಮೆದುವಾಗಿರುವುದರಿಂದಲ್ಲ.

ಬೆಣಚುಕಲ್ಲು

ಆಮ್ಲದ ಪ್ರಶ್ನೆಗೆ: ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ಗೆ ಆಮ್ಲ ತಾಗಿದರೆ ಗುಳ್ಳೆ ಏಳುತ್ತದೆ. ಈ ಪರೀಕ್ಷೆಗೆ ಪ್ರಯೋಗಾಲಯದವರು 10% ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಾರೆ. ಪ್ರವಾಸದಲ್ಲಿ ಅದು ಬೇಡವೇ ಬೇಡ. ವಿಮಾನದಲ್ಲಿ ನಿಷಿದ್ಧ, ಚೀಲದಲ್ಲಿ ಸೋರಿದರೆ ಬಟ್ಟೆ, ಕ್ಯಾಮೆರಾ ಎಲ್ಲ ಹಾಳು. ಅಡುಗೆಯ ವಿನೆಗರ್ ಸಾಕು, ಕಣ್ಣಿಗೆ ಹಾಕುವ ಔಷಧಿಯ ಖಾಲಿ ಸೀಸೆಯಷ್ಟಿದ್ದರೆ ಆಯಿತು. ಸೀಸೆಯ ಮೇಲೆ ದೊಡ್ಡದಾಗಿ ವಿನೆಗರ್ ಎಂದು ಬರೆದಿಡಿ. ವಿನೆಗರ್‌ನಲ್ಲಿ ಆಮ್ಲ ಸುಮಾರು 5% ಮಾತ್ರ, ಅದೂ ದುರ್ಬಲ. ಕಲ್ಲಿನ ಮೇಲೆ ಹಾಗೇ ಬಿಟ್ಟರೆ ಗುಳ್ಳೆ ಕಾಣದೆ, ಕ್ಯಾಲ್ಸೈಟ್ ಅಲ್ಲವೆಂದು ಬಿಸಾಡುವ ಅಪಾಯವಿದೆ. ಮೊಳೆಯಿಂದ ಕೆರೆದು ಪುಡಿ ಎಬ್ಬಿಸಿ, ಪುಡಿಯ ಮೇಲೆ ಎರಡು ಹನಿ ಬಿಟ್ಟು, ಲೆನ್ಸ್‌ನಲ್ಲಿ ಅರ್ಧ ನಿಮಿಷ ನೋಡಿ. ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ.

ಗುಳ್ಳೆ ಬಂದ ಮಾತ್ರಕ್ಕೆ ಇಡೀ ಕಲ್ಲು ಸುಣ್ಣಕಲ್ಲೆಂದು ತೀರ್ಮಾನಿಸಬೇಡಿ. ಮರಳುಗಲ್ಲಿನ ಕಣಗಳನ್ನು ಹಿಡಿದಿರುವ ಅಂಟು ಕ್ಯಾಲ್ಸೈಟ್ ಆಗಿದ್ದರೂ, ಬಿರುಕಿನಲ್ಲಿ ಬಿಳಿ ಎಳೆ ಇದ್ದರೂ ಗುಳ್ಳೆ ಬರುತ್ತದೆ. ಎರಡು ಮೂರು ಕಡೆ ಪರೀಕ್ಷಿಸಿ.

ಹೊಳಪಿಲ್ಲದ ಟೈಲ್ ಬಳಕೆಗೆ ಬರುವುದು ಕಪ್ಪು, ಲೋಹದ ಹೊಳಪಿನ ಕಲ್ಲುಗಳಿಗೆ. ಟೈಲ್ ಮೇಲೆ ಉಜ್ಜಿದಾಗ ಹೆಮಟೈಟ್ ಹೊರಗೆ ಬೂದಾಗಿದ್ದರೂ ಕೆಂಗಂದು ಗೆರೆ ಎಳೆಯುತ್ತದೆ. ಮ್ಯಾಗ್ನಟೈಟ್‌ದು ಕಪ್ಪು ಗೆರೆ, ಜೊತೆಗೆ ಅಯಸ್ಕಾಂತವನ್ನೂ ಎಳೆಯುತ್ತದೆ. ಚಿನ್ನದ ಬಣ್ಣದ ಪೈರೈಟ್ ಎಳೆಯುವುದು ಹಸಿರುಗಪ್ಪು ಗೆರೆ, ಚಿನ್ನವಾದರೆ ಗೆರೆಯೂ ಹಳದಿಯೇ. ಬೆಣಚಿಗೆ ಈ ಪರೀಕ್ಷೆ ಮಾಡಬೇಡಿ. ಅದು ಟೈಲ್‌ನಷ್ಟೇ ಅಥವಾ ಅದಕ್ಕಿಂತ ಗಡಸು, ನಿಮಗೆ ಕಾಣುವ ಬಿಳಿ ಪುಡಿ ಟೈಲ್‌ನದೇ.

ಹತ್ತುಪಟ್ಟು

ತಂಗಿದ ಜಾಗದಲ್ಲಿ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಿಕ್ಕಿದರೆ ಇನ್ನೊಂದು ಪರೀಕ್ಷೆ ಮಾಡಬಹುದು, ಎಷ್ಟೋ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಒಣಕಲ್ಲನ್ನು ತೂಗಿ ಬರೆದುಕೊಳ್ಳಿ. ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಪಕ್ಕಕ್ಕೂ ತಾಗದಂತೆ ಇಳಿಬಿಡಿ. ಆಗ ತಕ್ಕಡಿ ತೋರಿಸುವ ಗ್ರಾಂ ಎಂದರೆ ಕಲ್ಲಿನ ಗಾತ್ರ ಅಷ್ಟು ಮಿಲಿಲೀಟರ್. ಒಣತೂಕವನ್ನು ಅದರಿಂದ ಭಾಗಿಸಿ. 150 ಗ್ರಾಂ ಕಲ್ಲಿಗೆ 50 ತೋರಿಸಿದರೆ ಸಾಂದ್ರತೆ 3.0.

ಬೆಣಚು 2.65, ಕ್ಯಾಲ್ಸೈಟ್ 2.71, ಬಸಾಲ್ಟ್ 2.8ರಿಂದ 3, ಬೆರೈಟ್ 4.5, ಹೆಮಟೈಟ್ ಸುಮಾರು 5, ಗೆಲೀನಾ 7.5. ಬಿಳಿ ಕಲ್ಲು ಕೈಗೆ ವಿಚಿತ್ರವಾಗಿ ಭಾರವೆನಿಸಿದರೆ ಬೆರೈಟ್ ಇರಬಹುದು, ಈ ಲೆಕ್ಕ ಅದನ್ನು ತಕ್ಷಣ ಹಿಡಿಯುತ್ತದೆ. ಬೆಣಚು, ಕ್ಯಾಲ್ಸೈಟ್‌ಗಳನ್ನು ಮಾತ್ರ ಇದರಿಂದ ಬೇರ್ಪಡಿಸಲಾಗದು. ಒಂದು ಗ್ರಾಂ ನಿಖರತೆಯ ತಕ್ಕಡಿಯಲ್ಲಿ 10 ಗ್ರಾಂ ಕಲ್ಲು ತೂಗಬೇಡಿ. ಅದರ ಗಾತ್ರ 4 ಮಿ.ಲೀ. ಇರುತ್ತದೆ, ಒಂದು ಗ್ರಾಂ ಆಚೀಚೆಯಾದರೆ ಉತ್ತರ ಕಾಲುಭಾಗ ತಪ್ಪುತ್ತದೆ. 100 ಗ್ರಾಂ ಮೇಲಿರಲಿ. ತೂತುತೂತಾದ ಕಲ್ಲಿಗೂ ಈ ಲೆಕ್ಕ ಸಲ್ಲದು, ಗಾಳಿ ಒಳಗೇ ಉಳಿಯುತ್ತದೆ.

ಪದರಶಿಲೆ

ಎಲ್ಲರೂ ಆಯುವ ಉತ್ಸಾಹದಲ್ಲಿದ್ದೀರಿ. ಆಯಬಹುದೇ ಎಂಬುದನ್ನು ಮೊದಲು ನೋಡಬೇಕು. ರಾಷ್ಟ್ರೀಯ ಉದ್ಯಾನ, ಸಂರಕ್ಷಿತ ಸ್ಮಾರಕ, ಅಭಯಾರಣ್ಯಗಳಲ್ಲಿ ಬೇಡ. ಖಾಸಗಿ ಜಮೀನಾದರೆ ಒಡೆಯರನ್ನು ಕೇಳಿ. ಉಳಿದಂತೆ ದೇಶದಿಂದ ದೇಶಕ್ಕೆ ನಿಯಮ ಬೇರೆ, ಊಹೆ ನಡೆಯುವುದಿಲ್ಲ.

ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ 2017ರ ಕಾನೂನಿನ ಪ್ರಕಾರ ಕಡಲತೀರದ ಮರಳು, ಸಣ್ಣ ಉರುಟು ಕಲ್ಲು, ಚಿಪ್ಪು ಒಯ್ದರೆ 500ರಿಂದ 3,000 ಯೂರೋ ದಂಡ. ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಕಲ್ಲನ್ನೂ ಎತ್ತುವಂತಿಲ್ಲ. ಅದೇ ದೇಶದ ಭೂ ನಿರ್ವಹಣಾ ಇಲಾಖೆಯ ಜಮೀನಿನಲ್ಲಿ ಸ್ವಂತ ಬಳಕೆಗೆ ಕಲ್ಲಾದ ಮರವನ್ನು ದಿನಕ್ಕೆ 25 ಪೌಂಡ್ ಮತ್ತು ಒಂದು ತುಂಡು, ವರ್ಷಕ್ಕೆ 250 ಪೌಂಡ್ ಮೀರದಂತೆ ಆಯಬಹುದು. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಪೌನಾಮು ಎಂಬ ಹಸಿರುಕಲ್ಲಿನ ಒಡೆತನ 1997ರ ಕಾನೂನಿನಿಂದ ಅಲ್ಲಿನ ಮೂಲನಿವಾಸಿಗಳಾದ ನಾಯ್ ತಾಹು ಜನರದು. ಅಂಟಾರ್ಕ್ಟಿಕಾದಲ್ಲಿ ಪರವಾನಗಿ ಇಲ್ಲದೆ ಏನನ್ನೂ ಎತ್ತುವಂತಿಲ್ಲ. ಪಳೆಯುಳಿಕೆಗಳ ವಿಷಯ ಇನ್ನೂ ಬಿಗಿ. ಬ್ರೆಜಿಲ್, ಮಂಗೋಲಿಯಾಗಳಲ್ಲಿ ಅವು ಸರ್ಕಾರದ ಸ್ವತ್ತು.

ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳಿರುವ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿಂದ ಕದ್ದೊಯ್ದವರು ವರ್ಷಗಳ ನಂತರ ಕ್ಷಮೆ ಪತ್ರದೊಂದಿಗೆ ತುಂಡುಗಳನ್ನು ಅಂಚೆಯಲ್ಲಿ ವಾಪಸು ಕಳಿಸುತ್ತಾರೆ. ಸಿಬ್ಬಂದಿ ಅವನ್ನು ಮತ್ತೆ ಮೊದಲಿದ್ದಲ್ಲಿ ಇಡಲಾರರು, ಏಕೆಂದರೆ ಯಾವ ಜಾಗದ್ದೆಂದು ಯಾರಿಗೂ ಗೊತ್ತಿಲ್ಲ. ತಪ್ಪು ಜಾಗದಲ್ಲಿಟ್ಟರೆ ಮುಂದಿನ ಸಂಶೋಧನೆ ಕೆಡುತ್ತದೆ. ಹಾಗಾಗಿ ಅವು ಬೇರೆ ಒಂದು ರಾಶಿಗೆ ಸೇರುತ್ತವೆ. ಜಾಗದ ದಾಖಲೆಗೆ ನಾನೇಕೆ ಇಷ್ಟು ಒತ್ತು ಕೊಡುತ್ತೇನೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಉರುಟುಗಲ್ಲು

ಗಡಿ ದಾಟುವವರಿಗೆ ಒಂದು ಮಾತು. ಕಾನೂನು ಒಪ್ಪಿದರೂ ಮಣ್ಣು ಅಂಟಿದ ಕಲ್ಲನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳು ಒಳಗೆ ಬಿಡುವುದಿಲ್ಲ. ಮಣ್ಣಿನಲ್ಲಿ ಬೀಜ, ಹುಳುವಿನ ಮೊಟ್ಟೆ, ಶಿಲೀಂಧ್ರ ಬರುತ್ತವೆಂಬ ಭಯ. ಹಳೆ ಟೂತ್‌ಬ್ರಷ್‌ನಿಂದ ಬಿರುಕುಗಳನ್ನೂ ತಿಕ್ಕಿ ಒಣಗಿಸಿ, ಫಾರಂನಲ್ಲಿ ಬರೆದು ತೋರಿಸಿ.

ವಿಮಾನದಲ್ಲಿ ಕಲ್ಲು ಕೆಳಗಿನ ಲಗೇಜಿನಲ್ಲಿರಲಿ. ಮುಷ್ಟಿಗಾತ್ರದ್ದನ್ನು ಕೈಚೀಲದಲ್ಲಿಟ್ಟರೆ ಹೊಡೆಯುವ ಆಯುಧವೆಂದು ತಡೆಯಬಹುದು, ಅಲ್ಲಿ ಭದ್ರತಾ ಸಿಬ್ಬಂದಿಯ ಮಾತೇ ಅಂತಿಮ. ಸ್ಕ್ಯಾನ್‌ನಲ್ಲಿ ಕಲ್ಲು ಕಪ್ಪು ಗಡ್ಡೆಯಾಗಿ ಕಾಣುವುದರಿಂದ ಪೆಟ್ಟಿಗೆ ತೆರೆಸುವ ಸಂಭವ ಹೆಚ್ಚು. ಎಲ್ಲವನ್ನೂ ಒಂದೇ ಚೀಲದಲ್ಲಿ ಮೇಲ್ಗಡೆ ಇಟ್ಟರೆ ಬಟ್ಟೆಯೆಲ್ಲ ಹರಡುವ ಪ್ರಮೇಯ ಬರುವುದಿಲ್ಲ. ಒಂದೊಂದನ್ನೂ ಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ. ಬೆಣಚು ಮತ್ತು ಕ್ಯಾಲ್ಸೈಟ್ ಒಂದೇ ಕವರ್‌ನಲ್ಲಿ ಉಜ್ಜಾಡಿದರೆ ಕ್ಯಾಲ್ಸೈಟ್ ಗೀರುಗೀರಾಗುತ್ತದೆ.

ಗಿರಕಿಡಬ್ಬಿ

ಹೊಳೆದಂಡೆ ಅವರ ಮೂರನೇ ಪ್ರಶ್ನೆ ಹಾಗೇ ಉಳಿದಿದೆ.

ಕಲ್ಲಿನ ಮೇಲ್ಮೈ ಸೂಕ್ಷ್ಮವಾಗಿ ಒರಟು. ಒಣಗಿದಾಗ ಆ ಒರಟು ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸಿ ಬಿಳಿ ಮಬ್ಬು ತರುತ್ತದೆ. ನೀರಿನ ಪೊರೆ ಗುಳಿಗಳನ್ನು ತುಂಬಿ ಸಮತಟ್ಟು ಮಾಡುವುದರಿಂದ ಒಳಗಿನ ಬಣ್ಣ ಕಾಣುತ್ತದೆ. ಅಂದರೆ ಗುಳಿ ತುಂಬಬೇಕು, ಇಲ್ಲವೇ ಗುಳಿಯನ್ನೇ ಸವೆಸಬೇಕು.

ತುಂಬುವುದಕ್ಕೆ ಬಣ್ಣವಿಲ್ಲದ ಮಿನರಲ್ ಆಯಿಲ್ ತೆಳುವಾಗಿ ಸವರಿ, ಒಂದು ಗಂಟೆ ಬಿಟ್ಟು ಒರೆಸಿ. ಕೆಲ ತಿಂಗಳಿಗೊಮ್ಮೆ ಮತ್ತೆ ಸವರಬೇಕು. ಅಡುಗೆ ಎಣ್ಣೆ ಬೇಡ, ಕಮಟಿ ಅಂಟಾಗುತ್ತದೆ. ವಾರ್ನಿಷ್ ಹಚ್ಚುವವರಿದ್ದಾರೆ. ಅದು ಪ್ಲಾಸ್ಟಿಕ್ ಹೊಳಪು ಕೊಡುತ್ತದೆ, ಮೇಲಾಗಿ ಆಮೇಲೆ ಗೀರು, ವಿನೆಗರ್ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ನನ್ನ ಮಟ್ಟಿಗೆ ವಾರ್ನಿಷ್ ಕಲ್ಲನ್ನು ಕೆಡಿಸುವುದೇ.

ಸವೆಸುವುದಕ್ಕೆ ತಿರುಗುವ ಟಂಬ್ಲರ್, ಅಂದರೆ ಕಲ್ಲು ತುಂಬಿದ ಡಬ್ಬಿಯನ್ನು ಉರುಳಿಸುತ್ತಲೇ ಇರುವ ಯಂತ್ರ. ಡಬ್ಬಿಯ ಮೂರರಲ್ಲಿ ಎರಡು ಭಾಗ ಕಲ್ಲು ತುಂಬಿ, ಮೇಲಿನ ಕಲ್ಲುಗಳ ಬುಡ ಮುಟ್ಟುವಷ್ಟು ನೀರು ಹಾಕಿ. 1.5 ಕಿಲೋ ಹಿಡಿಸುವ ಡಬ್ಬಿಗೆ 4 ದೊಡ್ಡ ಚಮಚ 60/90 ನಂಬರಿನ ಸಿಲಿಕಾನ್ ಕಾರ್ಬೈಡ್ ಎಂಬ ಉಜ್ಜುಪುಡಿ (ನಂಬರು ಹೆಚ್ಚಿದಂತೆ ಪುಡಿ ನಯ). ಹಗಲೂ ರಾತ್ರಿ ಸುಮಾರು 7 ದಿನ ತಿರುಗಲಿ. ಆಮೇಲೆ 120/220, ನಂತರ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಹೊಳಪುಪುಡಿ, ಒಂದೊಂದಕ್ಕೂ ಸುಮಾರು ಒಂದು ವಾರ. ಕೆಡುವುದು ಹೆಚ್ಚಾಗಿ ಹಂತಗಳ ನಡುವೆ. ಡಬ್ಬಿಯ ಅಂಚಿನಲ್ಲಿ ಒಂದು ಕಾಳು 60/90 ಉಳಿದಿದ್ದರೂ ಕೊನೆಯ ಹಂತದಲ್ಲಿ ಹೊಳಪಿನ ಮೇಲೆ ಗೀರೆಳೆಯುತ್ತದೆ. ಡಬ್ಬಿ, ಮುಚ್ಚಳ, ಕಲ್ಲಿನ ಬಿರುಕು ಎಲ್ಲ ತೊಳೆಯಬೇಕು. ಬಿರುಕಿರುವ ಕಲ್ಲನ್ನು ಹಾಕದಿರುವುದೇ ಕ್ಷೇಮ.

ಒಂದೇ ಗಡಸುತನದವನ್ನು ಒಟ್ಟಿಗೆ ಹಾಕಿ. ಬೆಣಚು, ಅಗೇಟ್, ಜ್ಯಾಸ್ಪರ್ ಒಟ್ಟಿಗೆ ಸರಿ. ಜೊತೆಗೆ ಸುಣ್ಣಕಲ್ಲು ಹಾಕಿದರೆ ಮೊದಲ ವಾರದಲ್ಲೇ ಅರೆದು ಕೆಸರಾಗುತ್ತದೆ. ಆ ಕೆಸರುನೀರನ್ನು ಬಚ್ಚಲಿಗೆ ಸುರಿಯಬೇಡಿ. ಕೊಳವೆಯ ತಿರುವಿನಲ್ಲಿ ಗಟ್ಟಿಯಾಗಿ ಕೂತರೆ ತೆಗೆಯಲಾಗುವುದಿಲ್ಲ. ಬಕೆಟ್‌ನಲ್ಲಿ ತಿಳಿಯಾಗಲು ಬಿಟ್ಟು, ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ.

ಹತ್ತುಪಟ್ಟು

ಎಣ್ಣೆಗೂ ಟಂಬ್ಲರಿಗೂ ಮೊದಲು ಕಡಲಕಲ್ಲಿನ ಉಪ್ಪು ತೆಗೆಯಬೇಕು. ಬಕೆಟ್ ಸಿಹಿನೀರಿನಲ್ಲಿ ಒಂದು ವಾರ ನೆನೆಸಿ ದಿನಾ ನೀರು ಬದಲಿಸಿ. ಉಪ್ಪು ಉಳಿದರೆ ಒಣಗಿದಾಗ ಹರಳುಗಟ್ಟಿ, ರಂಧ್ರವಿರುವ ಕಲ್ಲಿನ ಮೇಲ್ಮೈಯನ್ನೇ ಉದುರಿಸುತ್ತದೆ.

ಎಲ್ಲವನ್ನೂ ನೀರಿಗೆ ಹಾಕುವಂತಿಲ್ಲ. ಕಲ್ಲುಪ್ಪು ಕರಗಿಹೋಗುತ್ತದೆ, ಜಿಪ್ಸಮ್ ನಿಧಾನಕ್ಕೆ ಕರಗುತ್ತದೆ, ಜೇಡಿಪದರದ ಶೇಲ್ ಎಲೆ ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ಇವಕ್ಕೆ ಒಣ ಬ್ರಷ್. ಪೈರೈಟ್, ಅದಕ್ಕಿಂತ ಹೆಚ್ಚಾಗಿ ಮಾರ್ಕಸೈಟ್, ತೇವದ ಗಾಳಿಯಲ್ಲಿ ಹಾಳಾಗುತ್ತದೆ. ಗಾಳಿಯ ತೇವಾಂಶ 60% ದಾಟಿದರೆ ಆಮ್ಲ ಹುಟ್ಟಿ, ಬಿಳಿಹಳದಿ ಪುಡಿ ಎದ್ದು, ಕೆಳಗಿನ ಚೀಟಿಯನ್ನೂ ಸುಡುತ್ತದೆ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿಡಿ. ಅಮೆಥಿಸ್ಟನ್ನು ಕಿಟಕಿಯಲ್ಲಿಡಬೇಡಿ, ಬಿಸಿಲಿಗೆ ಅದರ ನೇರಳೆ ಬಣ್ಣ ಮಾಸುತ್ತದೆ.

ಕೆಲವನ್ನು ತರಲೇಬೇಡಿ. ನಾರುನಾರಾಗಿ ಬಿಡಿಸಿಕೊಳ್ಳುವ ಹಸಿರು, ನೀಲಿ, ಬಿಳಿ ಕಲ್ಲು ಆಸ್‌ಬೆಸ್ಟಾಸ್ ಇರಬಹುದು. ಕೆದಕದೆ ಬಿಟ್ಟುಬಿಡಿ. ಕಡುಗೆಂಪು ಸಿನ್ನಬಾರ್ ಪಾದರಸದ ಅದಿರು. ಹೊಡೆದಾಗ ಬೆಳ್ಳುಳ್ಳಿ ವಾಸನೆ ಬಂದರೆ ಆರ್ಸೆನಿಕ್ ಇದೆ ಎಂದರ್ಥ. ಗೆಲೀನಾ ಸೀಸದ ಅದಿರು, ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಬೇಕು. ಉಪ್ಪೋ ಅಲ್ಲವೋ ನೋಡಲು ಕಲ್ಲು ನೆಕ್ಕುವ ಅಭ್ಯಾಸ ಇದ್ದವರು ಬಿಡಿ.

ಹೊಳೆದಂಡೆ

ಸುತ್ತಿಗೆಯ ಮಾತು ಯಾರೂ ಎತ್ತಲಿಲ್ಲ. ಬೇಕೋ ಬೇಡವೋ?

ಬೆಣಚುಕಲ್ಲು

ಪ್ರವಾಸದ ಹವ್ಯಾಸಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಿದ್ದಿರುವ ಕಲ್ಲೇ ಬೇಕಾದಷ್ಟಿದೆ, ಬಂಡೆಗೆ ಗಾಯ ಮಾಡುವುದೇಕೆ? ಹೊಸ ಮುಖ ನೋಡಲು ಆಗಲೇ ಒಡೆದಿರುವ ತುಂಡು ಹುಡುಕಿದರಾಯಿತು.

ಪದರಶಿಲೆ

ಪೂರ್ತಿ ಒಪ್ಪಲಾರೆ. ಅನುಮತಿ ಇರುವ ಹಳೆ ಕ್ವಾರಿಯ ರಾಶಿಯಲ್ಲಿ ಬಿದ್ದ ತುಂಡನ್ನು ಒಡೆಯುವುದರಿಂದ ಯಾರಿಗೂ ನಷ್ಟವಿಲ್ಲ. ಹೊರಗೆ ಕಂದು ಗಡ್ಡೆಯಾಗಿದ್ದು ಒಳಗೆ ಹರಳು ತುಂಬಿದ ಜಿಯೋಡ್ ಒಡೆಯದೆ ತಿಳಿಯದು. ಆದರೆ ಒಯ್ದರೆ ಭೂವಿಜ್ಞಾನದವರ ಸುತ್ತಿಗೆಯನ್ನೇ ಒಯ್ಯಿರಿ. ಬಡಗಿಯ ಸುತ್ತಿಗೆಯ ಮುಖ ಕಲ್ಲಿಗೆ ಬಡಿದಾಗ ಉಕ್ಕಿನ ಚೂರು ಸಿಡಿಯುತ್ತದೆ. ಒಂದು ಸುತ್ತಿಗೆಯನ್ನು ಇನ್ನೊಂದರಿಂದ ಹೊಡೆಯಲೇಬಾರದು. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ, ಮಾಮೂಲಿ ಕನ್ನಡಕ ಸಾಲದು. ಪಕ್ಕದಲ್ಲಿ ನಿಂತವರನ್ನು ನಾಲ್ಕೈದು ಮೀಟರ್ ದೂರ ಕಳಿಸಿ. ಮಳೆ ನಿಂತ ಮರುದಿನ ಕಡಿದಾದ ಗೋಡೆಯ ಬುಡಕ್ಕೆ ಹೋಗಬೇಡಿ, ಹಳೆಯ ಗಣಿ ಸುರಂಗದೊಳಕ್ಕೆ ಎಂದಿಗೂ ಬೇಡ.

ಗಿರಕಿಡಬ್ಬಿ

ಕೊನೆಗೆ ಮನೆಯಲ್ಲಿ ಸಂಖ್ಯೆ ಬರೆಯುವುದು ಹೇಗೆಂದು ಯಾರಾದರೂ ಹೇಳಿ. ಕವರ್‌ನೊಳಗಿನ ಚೀಟಿಗಳು ಅದಲುಬದಲಾಗುವುದು ಬಹಳ ಸಾಮಾನ್ಯ.

ಪದರಶಿಲೆ

ಕಲ್ಲಿನ ಮೇಲೆಯೇ ಬರೆಯಿರಿ. ಅಂದವಿಲ್ಲದ, ಸಪಾಟಾದ ಒಂದು ಮೂಲೆ ಆರಿಸಿ, 1 ಸೆಂ.ಮೀ. ಉದ್ದ ಬಿಳಿ ಅಕ್ರಿಲಿಕ್ ಬಣ್ಣ ಹಚ್ಚಿ ಒಣಗಿಸಿ. ಸಣ್ಣ ಮೊನೆಯ ಪೆನ್ನಿನಲ್ಲಿ ಕಪ್ಪು ಇಂಡಿಯಾ ಇಂಕ್‌ನಿಂದ ಸಂಖ್ಯೆ ಬರೆಯಿರಿ. ಮಾರ್ಕರ್ ಬೇಡ, ಬೆಳಕಿಗೆ ಮಾಸುತ್ತದೆ. ಶಾಯಿ ಒಣಗಿದ ಮೇಲೆ ಬಣ್ಣವಿಲ್ಲದ ಅಕ್ರಿಲಿಕ್ ಲ್ಯಾಕರ್‌ನ ಒಂದು ಪೊರೆ. ವಸ್ತುಸಂಗ್ರಹಾಲಯಗಳಲ್ಲಿ ಇದಕ್ಕೆ ಪ್ಯಾರಲಾಯ್ಡ್ ಬಿ-72 ಬಳಸುತ್ತಾರೆ, ಬೇಕೆಂದಾಗ ಅಸಿಟೋನ್‌ನಿಂದ ಕರಗಿಸಿ ತೆಗೆಯಬಹುದು. ಉಗುರುಬಣ್ಣ ವರ್ಷಗಳ ಮೇಲೆ ಹಳದಿಯಾಗಿ ಏಳುತ್ತದೆ. ಪುಡಿಯಾಗುವ ಅಥವಾ ತೀರ ಸಣ್ಣ ಕಲ್ಲಾದರೆ ಸಂಖ್ಯೆಯನ್ನು ಡಬ್ಬಿಗೆ ಅಂಟಿಸಿ. ಎಣ್ಣೆ ಸವರುವವರು ಸಂಖ್ಯೆ ಬರೆದು ಲ್ಯಾಕರ್ ಒಣಗಿದ ಮೇಲೆಯೇ ಸವರಬೇಕು, ಎಣ್ಣೆಯ ಮೇಲೆ ಬಣ್ಣ ಕೂರುವುದಿಲ್ಲ. ಟಂಬ್ಲರಿಗೆ ಹಾಕುವವರು ತಿರುಗಿಸುವ ಮೊದಲೇ ಫೋಟೋ ತೆಗೆದು, ಒಂದು ಜಾಗದ ಕಲ್ಲುಗಳನ್ನು ಮಾತ್ರ ಒಂದು ಸಲಕ್ಕೆ ಹಾಕಿ. ಒಂದು ತಿಂಗಳು ಉರುಳಿ ಹೊರಬಂದ ಕಲ್ಲನ್ನು ಹಳೆಯ ಫೋಟೋದಿಂದ ಗುರುತಿಸುವುದು ಕಷ್ಟ.

ಹೊಳೆದಂಡೆ

ಡಬ್ಬಿಗೊಂದು ಜಾಗ ಎಂಬ ಕ್ರಮ ಹಿಡಿಸಿತು. ಹಾಗಾದರೆ ಒಂದೇ ಹೊಳೆಯ ಬೇರೆ ಬೇರೆ ತಿರುವುಗಳಲ್ಲಿ ಆಯ್ದದ್ದು ಒಂದು ಜಾಗವೋ, ಹಲವೋ?

ಪದರಶಿಲೆ

ನಡುವೆ ಉಪನದಿ ಸೇರಿದ್ದರೆ ಎರಡು ಜಾಗ. ಉಪನದಿ ಬೇರೆ ಬೆಟ್ಟದ ಕಲ್ಲು ತರುತ್ತದೆ. ಸೇರಿಲ್ಲದಿದ್ದರೆ, ಬರೀ ಟಂಬ್ಲರಿನ ಮಟ್ಟಿಗೆ, ಒಂದೇ ಎಂದುಕೊಳ್ಳಬಹುದು.